ತುದಿ ಮಡಚಿದ ತಂತಿ

ಬಾಗಿಲ ಹಿಂದೆ ಕಬ್ಬಿಣ ಸರಿದ ಸದ್ದಾಯಿತು. ಕದ ನಾಲ್ಕು ಬೆರಳಷ್ಟು ತೆರೆಯಿತು.

“ಪೇಪರಿನವರಾದ್ರ ಹೊಳ್ಳಿ ಹೋಗ್ರಿ. ನಮ್ಮ ಅಬ್ಬಾ ಯಾರನ್ನೂ ಕೊಂದಿಲ್ಲ. ಅದಕ್ಕಿಂತ ಹೆಚ್ಚಿಗಿ ಹೇಳೋದೇನಿಲ್ಲ.”

“ಪೇಪರಿನಕಿ ಅಲ್ಲವ್ವಾ. ನಾ ರೇಣವ್ವ.”

ಕದ ಪೂರಾ ತೆರೆಯಿತು. ನಿಖತ ಕೈಯಲ್ಲಿದ್ದ ಎರಡೂವರೆ ಮೊಳದ ಕಬ್ಬಿಣದ ಕೋಲನ್ನು ಗೋಡೆಗೆ ಒರಗಿಸಿದಳು. ಅದು ನಿಲ್ಲಲಿಲ್ಲ. ಜಾರಿ ಬಂದು ಸಬ್‌ಇನ್‌ಸ್ಪೆಕ್ಟರ್ ರೇಣವ್ವಳ ಮೊಣಕಾಲ ಕೆಳಗಿನ ಎಲುಬಿಗೆ ಸರಿಯಾಗಿ ಬಡಿಯಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಗಲಾಟೆಯ ಕಲ್ಲು ತಿಂದೂ ಅಳದ ಹೆಂಗಸಿನ ಕಣ್ಣಲ್ಲಿ ನೀರು ಬಂತು.

“ತಪ್ಪಾತ್ರಿ ಅಕ್ಕಾರ. ಅಗಳಿ ಮುರದದ. ಮಂದಿ ಬಂದು ಬಂದು ಬಾಗಿಲಾ ಬಡೀತಾರಂತ ಇದನ್ನ ಅಡ್ಡ ಹಾಕ್ಕೊಂಡು ಕೂಡ್ತೇನಿ.”

“ಇರ್ಲಿ ಬಿಡು. ಒಳಗ ನಡಿ.”

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಪೀರಸಾಬನ ಆ ಕಾರ್ಖಾನೆ ಎರಡು ಖೋಲಿಯದು. ಒಂದರಲ್ಲಿ ಲೇಥು, ಇನ್ನೊಂದರಲ್ಲಿ ತಂದೆ ಮಗಳ ಸಂಸಾರ. ಮುಂಬಯಿಯ ಹಾಯಿದೋಣಿ ಕಟ್ಟುವವರ ಕೈಕೆಳಗೆ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ಮುದುಕ, ಬಯಲುಸೀಮೆಯಲ್ಲಿ ಕೂತು ಟ್ರಾಕ್ಟರಿನ ಬಿಡಿಭಾಗ ತಿರುವುತ್ತಿದ್ದ. ಕೆರೆಗಳಿಗೆ ನದಿ ನೀರು ತುಂಬಿಸಿದ ಮೇಲೆ ಅವನ ಹಳೆಯ ಕಸುಬಿಗೆ ಊರಿನಲ್ಲೇ ಗಿರಾಕಿ ಸಿಕ್ಕಿತು. ಆ ಗಿರಾಕಿಯೇ ಈಗ ಸತ್ತಿದ್ದಾನೆ.

ಹಿಂದಿನ ವಾರದ ರವಿವಾರ, ಬಬಲೇಶ್ವರದ ಆಚೆಯ ದೊಡ್ಡಕೆರೆಯಲ್ಲಿ, ಪ್ರವಾಸಿಗರಿಗೆಂದು ಕಟ್ಟಿಸಿದ ‘ಗಂಗವ್ವ’ ಎಂಬ ಹೊಸ ಹಾಯಿದೋಣಿಯ ಚುಕ್ಕಾಣಿ ಮೊದಲ ಸುತ್ತಿನಲ್ಲೇ ನಡುನೀರಿನಲ್ಲಿ ಕೈಕೊಟ್ಟು, ಅದರ ಮಾಲೀಕ ಚೇತನಕುಮಾರ ಮುಳುಗಿದ್ದ. ಚುಕ್ಕಾಣಿ ಕೂಡಿಸಿದ್ದ ಪೀರಸಾಬ ಲಾಕಪ್ಪಿನಲ್ಲಿದ್ದ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಮುಗಿದು, ನಾಳೆ ಹನ್ನೊಂದಕ್ಕೆ ಅವನನ್ನು ಮತ್ತೆ ಹಾಜರು ಮಾಡಬೇಕು. ಅಷ್ಟರೊಳಗೆ ಬೇರೆ ಏನಾದರೂ ಸಿಗದಿದ್ದರೆ ಅರವತ್ತೇಳು ವರ್ಷದ ಮುದುಕ ಕೊಲೆಗಾರನಾಗಿ ಜೈಲಿಗೆ ಹೋಗುತ್ತಾನೆ. ಅವನ ಎದೆಯ ಸ್ಥಿತಿ ನೋಡಿದರೆ ಅಲ್ಲಿಂದ ಬದುಕಿ ಬರುವುದು ಸುಳ್ಳು.

ದೊಡ್ಡ ಸಾಹೇಬರಿಗೆ ಕೇಸು ಮುಗಿಸುವ ಅವಸರ. ಅವಸರದಲ್ಲಿ ಮುಗಿದ ಕೇಸನ್ನು ರೇಣವ್ವ ನಂಬುವವಳಲ್ಲ.

ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಪಾಕೀಟು ತೆಗೆದು ಬೆಂಚಿನ ಮೇಲಿಟ್ಟಳು. ಒಳಗೆ ಗೇಣುದ್ದದ ತಂತಿ. ಒಂದು ಕಡೆ ಹರಿದಿತ್ತು, ಇನ್ನೊಂದು ಕಡೆ ಉಂಗುರ ಉಂಗುರವಾಗಿ ಸುತ್ತಿಕೊಂಡಿತ್ತು.

“ಇದು ದೋಣಿಯ ಹೊಟ್ಯಾಗ ಸಿಕ್ಕಿದ್ದು. ನನಗ ಹೊಲಾ ಗೊತ್ತು, ನೀರ ಗೊತ್ತಿಲ್ಲ. ಸಣ್ಣ ಕೂಸಿಗಿ ಹೇಳಿದಂಗ ಹೇಳು. ಇದರ ಕೆಲಸಾ ಏನು?”

ನಿಖತ ಮೂಲೆಯಲ್ಲಿದ್ದ ಒಂದು ಕಟ್ಟಿಗೆಯ ಚೌಕಟ್ಟನ್ನು ಎಳೆದು ತಂದಳು. ಅಪ್ಪ ಅಳತೆ ನೋಡಲು ಮಾಡಿದ್ದ ಮಾದರಿ. ಮೇಲೆ ಒಂದು ಚಕ್ರ, ಹಿಂದೆ ನೀರಿಗಿಳಿಯುವ ಹಲಗೆ, ಎರಡರ ನಡುವೆ ಕೇಬಲ್ಲು.

“ಸಣ್ಣ ದೋಣಿಗಿ ಹಿಡಿಕೋಲ ಸಾಕ್ರಿ. ಹಿಂದಿನ ಹಲಗಿ ನೆತ್ತಿ ಮ್ಯಾಲೆ ಒಂದ ಕೋಲ ಹಚ್ಚೋದು, ಕೈಯಾಗ ಹಿಡಿಯೋದು. ಕೋಲ ಎಡಕ್ಕ ನೂಕಿದ್ರ ದೋಣಿ ಬಲಕ್ಕ ಹೊಳ್ತದ. ನಡುವ ಏನೂ ಇಲ್ಲ, ಕೆಡೋದಕ್ಕೂ ಏನಿಲ್ಲ. ನೀರ ಎಷ್ಟ ಜಗ್ತದ, ಗಾಳಿ ಎಷ್ಟ ಜೋರದ, ಎಲ್ಲಾ ಅಂಗೈಗಿ ತಿಳೀತದ.”

“ಮತ್ತ ಚಕ್ರಾ?”

“ಚಕ್ರಾ ದೊಡ್ಡ ದೋಣಿಗ್ರಿ. ನಲವತ್ತ ಫೂಟಿಂದು ಇದ್ರ ಹಿಡಿಕೋಲಿಗಿ ರಟ್ಟಿ ಸೋಲ್ತಾವ. ಅದಕ್ಕ ಕೇಬಲ್ಲ ಹಾಕಿ, ಗಾಲಿ ಹಾಕಿ, ಚಕ್ರಾ ಕೂಡಸ್ತಾರ. ಹಗೂರ ತಿರಗ್ತದ, ಖರೆ. ಆದ್ರ ನಡುವ ಹತ್ತ ಜೋಡ ಇರ್ತಾವ. ಒಂದ ಬಿಚ್ಚಿದ್ರೂ ಚಕ್ರಾ ಸುಮ್ನ ಆಟಿಗಿಯಾಗಿ ತಿರಗ್ತದ.”

“ಗಂಗವ್ವ ಎಷ್ಟ ಫೂಟಿಂದು?”

“ಇಪ್ಪತ್ತೆರಡು.” ನಿಖತಳ ಮುಖ ಬಿಗಿಯಿತು. “ಅಬ್ಬಾ ಬ್ಯಾಡಂದ್ರು. ಚೇತನಕುಮಾರ ಸಾಹೇಬ್ರು ಕೇಳ್ಲಿಲ್ಲ. ಫೋಟೋಕ್ಕ ಚಕ್ರಾ ಛಂದ ಕಾಣ್ತದ, ಬಂದ ಮಂದಿ ಚಕ್ರಾ ಹಿಡದು ನಿಂದ್ರಬೇಕು ಅಂದ್ರು. ‘ಹಿಡಿಕೋಲ ಹಿಡದವಗ ನೀರ ಮಾತಾಡ್ತದ, ಚಕ್ರಾ ಹಿಡದವಗ ಬರೇ ಮಂದಿ ಕಾಣ್ತಾರ’ ಅಂತ ಅಬ್ಬಾ ಅಲ್ಲೇ ಅಂದ್ರು. ಸಿಟ್ಟಿನ್ಯಾಗ ‘ಈ ಚಕ್ರಾ ನಿಮ್ಮನ್ನ ತಿಂತದ’ ಅಂತನೂ ಅಂದ್ರು. ಅದನ್ನ ನಾಕ ಮಂದಿ ಕೇಳ್ಯಾರ. ಈಗ ಅದನ್ನ ಧಮಕಿ ಅಂತ ಬರಕೊಂಡೀರಿ.”

ಬರೆದುಕೊಂಡವಳು ರೇಣವ್ವಳೇ. ಅವಳು ತಂತಿಯನ್ನು ಮುಂದೆ ಸರಿಸಿದಳು.

“ಕೇಬಲ್ಲಿನ ಕೊನಿ ಚುಕ್ಕಾಣಿ ಗಾಲಿಗಿ ಹಿಡಿದಿರೋದು ಎರಡ ಉಕ್ಕಿನ ಕ್ಲಿಪ್ಪ್ರಿ,” ಎಂದಳು ನಿಖತ. “ಕ್ಲಿಪ್ಪ ಬಿಗದ ಮ್ಯಾಲೆ ಅಬ್ಬಾ ತುದಿಗಿ ಮೇಣದ ದಾರ ಸುತ್ತತಾರ. ಯಾರೋ ಆ ಕ್ಲಿಪ್ಪ ಬಿಚ್ಚಿ ಈ ತಂತಿ ಕಟ್ಟ್ಯಾರ. ಹಗೂರ ಗಾಳಿಗಿ ಇದು ತಡೀತದ. ಜೋರ ಬೀಸಿದ್ರ ಪಟ್ಟಂತ ಹರೀತದ. ಅಬ್ಬಾ ಇಂಥಾ ತಂತಿ ದೋಣಿಗಿ ಮುಟ್ಟಸೂದೂ ಇಲ್ಲ. ದಂಡಿ ಬಿಡೋಕಿಂತ ಮದಲ ಚಕ್ರಾ ಪೂರಾ ಎಡಕ್ಕ, ಪೂರಾ ಬಲಕ್ಕ ತಿರುವಿ, ಒಳಗ ತಲಿ ಹಾಕಿ ಎಲ್ಲಾ ಜೋಡ ನೋಡಿನ ಬಿಡ್ತಿದ್ರು. ಮೂವತ್ತ ವರ್ಷ ಒಂದಿನಾನೂ ತಪ್ಪಿಸಿಲ್ಲ.”

ಆ ದಿನ ತಪ್ಪಿಸಿದ್ದ. ಪೀರಸಾಬನ ಹೇಳಿಕೆ ರೇಣವ್ವಗೆ ಬಾಯಿಪಾಠವಾಗಿತ್ತು: ಹಿಂದಿನ ದಿನ ಸಂಜೆ ನೋಡಿದ್ದೆ, ಎಲ್ಲ ಸರಿ ಇತ್ತು, ರವಿವಾರ ಕೆರೆಯ ಕಡೆಗೆ ಹೋಗಲೇ ಇಲ್ಲ. ಒಳಗೆ ಇಳಿಯುವ ಮುಚ್ಚಳದ ಕೀಲಿ ಎರಡೇ, ಒಂದು ಮುದುಕನ ಹತ್ತಿರ, ಇನ್ನೊಂದು ಸತ್ತವನ ಹತ್ತಿರ. ಸತ್ತವನು ತನ್ನ ಕುತ್ತಿಗೆಗೆ ತಾನೇ ತಂತಿ ಕಟ್ಟುವುದಿಲ್ಲ ಎಂದು ದೊಡ್ಡ ಸಾಹೇಬರು ಲೆಕ್ಕ ಮುಗಿಸಿದ್ದರು.

ನಿಖತ ಪಾಕೀಟನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದಳು.

“ಒಂದ ಮಾತ ಹೇಳ್ಲೇನ್ರಿ? ಈ ತುದಿ ನೋಡ್ರಿ. ಸುತ್ತಿ, ಉಳದ ತುದಿ ಹೊಳ್ಳಿ ಮಡಚಿ, ಮೂರನೇ ಸುತ್ತಿನ ಕೆಳಗ ತೂರಿಸಿ, ಹಾತೋಡಿಲೆ ಬಡದಾರ. ಕೆಡಸೋದಕ್ಕ ಕಟ್ಟಿದವ ತುದಿ ಯಾಕ ಮಡಚ್ತಾನ? ಅಷ್ಟ ಜ್ವಾಕಿ ಯಾರ ಮ್ಯಾಲೆ?”

ರೇಣವ್ವ ಪಾಕೀಟು ಇಸಿದುಕೊಂಡಳು. ಹತ್ತು ದಿನದಿಂದ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದರೂ ಅವಳು ನೋಡಿದ್ದು ಹರಿದ ತುದಿಯನ್ನು, ಮಡಚಿದ ತುದಿಯನ್ನಲ್ಲ. ತನ್ನ ಮೇಲೆಯೇ ಅವಳಿಗೆ ರೇಗಿತು.

ಅವಳು ಅರಕೇರಿಯವಳು. ಅವಳ ಅವ್ವ ಇಪ್ಪತ್ತು ವರ್ಷ ಕಂಡವರ ದ್ರಾಕ್ಷಿ ಪಡಗಳಲ್ಲಿ ಬಳ್ಳಿ ಕತ್ತರಿಸಲು ಕೂಲಿಗೆ ಹೋದವಳು. ಚಪ್ಪರದ ತಂತಿಯ ತುದಿಗಳು ಗೀರಿ ಗೀರಿ ಆ ಕೈಗಳ ಮೇಲೆ ಬರೆ ಬೀಳದ ಜಾಗವಿರಲಿಲ್ಲ. ತಂತಿಯ ತುದಿ ಮಡಚುವ ಮಾಲೀಕನನ್ನು ಅವ್ವ ಜನ್ಮದಲ್ಲಿ ಕಂಡಿರಲಿಲ್ಲ.

ಹಾಗಾದರೆ ಮಡಚುವವನು ಯಾರು?

“ಕದಾ ಹಾಕ್ಕೋ,” ಎಂದು ಅವಳು ಎದ್ದಳು. “ಸಂಜಿಮುಂದ ಬರ್ತೇನಿ.”

“ಅಬ್ಬಾನ್ನ ಬಿಡಿಸಿಕೊಂಡು ಬರ್ತೀರೇನ್ರಿ?”

ಪೊಲೀಸರು ಮಾತು ಕೊಡಬಾರದು. ರೇಣವ್ವ ಕೊಟ್ಟಳು.

“ಈ ತಂತಿ ಕಟ್ಟಿದ ಕೈ ಸಿಕ್ರ, ಬಿಡಸ್ತೇನಿ.”

ಜೀಪು ತೊರವಿ ದಾಟಿ ತಿಕೋಟಾದ ದಾರಿ ಹಿಡಿಯಿತು. ಓಡಿಸುತ್ತಿದ್ದವನು ಡ್ರೈವರ್ ಯುನುಸ. ರೇಣವ್ವ ನಾಲ್ಕು ಕಡೆ ಗಾಡಿ ನಿಲ್ಲಿಸಿ, ದಾರಿ ಬದಿಯ ಪಡಗಳಿಗೆ ಇಳಿದು, ಚಪ್ಪರದ ತಂತಿಯ ಕೊನೆಗಳನ್ನು ಬೆರಳಿಂದ ಸವರಿ ಬಂದಳು. ನಾಲ್ಕು ಕಡೆಯೂ ತುದಿ ಮುಳ್ಳಿನ ಹಾಗೆ ಹೊರಗೆ ಚಾಚಿತ್ತು. ನಾಲ್ಕನೆಯ ಪಡದಲ್ಲಿ ಬೆರಳು ಹರಿದು ರಕ್ತ ಬಂತು.

“ಮೇಡಮ್, ಟಿಟ್ಯಾನಸ್ ಸೂಜಿ ಮಾಡಿಸ್ರಿ,” ಎಂದ ಯುನುಸ.

“ಮುಂದ ನಡೀಪಾ.”

ಐದನೆಯದು ಚೇತನಕುಮಾರನ ಹೆಂಡತಿ ಶೈಲಶ್ರೀಯ ತವರಿನ ತೋಟ. ಆ ದಿನ ದೋಣಿಯಲ್ಲಿ ಅವನ ಜೊತೆಗಿದ್ದವಳು ಅವಳೊಬ್ಬಳೇ, ದಡದ ಮಂದಿ ದೋಣಿಯನ್ನು ಎಳೆದು ತಂದು ಅವಳನ್ನು ಉಳಿಸಿದ್ದರು. ಅವಳ ತಂದೆ ಬಸಗೊಂಡಪ್ಪ ಮೂರು ವರ್ಷದ ಹಿಂದೆ ತೀರಿದ ಮೇಲೆ ಅವಳ ಹೆಸರಿನಲ್ಲಿತ್ತು. ಚೇತನಕುಮಾರ ಅಲ್ಲಿಗೆ ಮನೆಯಳಿಯನಾಗಿ ಬಂದವನು. ಗೇಟಿನ ಪಕ್ಕದ ಮೊದಲ ಸಾಲಿನ ಕಲ್ಲುಕಂಬದ ಹತ್ತಿರ ರೇಣವ್ವ ನಿಂತಳು. ಬೆರಳು ಸವರಿತು, ಏನೂ ಚುಚ್ಚಲಿಲ್ಲ.

ತುದಿ ಮಡಚಿತ್ತು. ಮೂರನೇ ಸುತ್ತಿನ ಕೆಳಗೆ ತೂರಿಸಿತ್ತು. ಬಡಿದು ಚಪ್ಪಟೆ ಮಾಡಿತ್ತು.

ತೋಟದ ಮೇಲುಸ್ತುವಾರಿಯ ಸಂಗು ಓಡುತ್ತ ಬಂದ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಹೆಗಲ ಮೇಲೆ ಟವೆಲ್ಲು.

“ಏನ ನೋಡಾಕತ್ತೀರಿ ಮೇಡಮ್ರಿ?”

“ಇದು ಹಿಂಗ್ಯಾಕ ಮಡಚ್ಯದ?”

“ಅದ್ರಿ?” ಸಂಗು ಸಲೀಸಾಗಿ ಉತ್ತರಿಸಿದ. “ಸತ್ತ ಗೌಡ್ರು ಬಸಗೊಂಡಪ್ಪನವರ ಒಂದ ಕಣ್ಣ ಹೋಗಿತ್ತಲ್ರಿ. ತಂತಿ ತುದಿ ಚುಚ್ಚೇ ಹೋದದ್ದು. ಅವತ್ತಿಂದ ಈ ಪಡದಾಗ ಯಾರ ತಂತಿ ಕಟ್ಟಿದ್ರೂ ತುದಿ ಮಡಚಿ ಬಡೀಬೇಕು. ತಪ್ಪಿದ್ರ ಅವತ್ತಿನ ಪಗಾರ ಬಂದ್. ಅಳಿಯಾ ಬಂದ ಮದಲನೇ ವರ್ಷ ಅಂವಗೂ ತಾವ ಕೂತು ಕಲಿಸಿದ್ರು. ಸುತ್ತಿನ ಪಡದವರು ನಗ್ತಾರ್ರಿ. ನಕ್ಕೋಳ್ಳಿ. ನಮ್ಮ ಹೆಣ್ಣಮಕ್ಕಳ ಕೈ ನೋಡ್ರಿ, ಒಂದ ಗೀರಿಲ್ಲ.”

ರೇಣವ್ವ ಒಂದು ಕ್ಷಣ ಸತ್ತ ಮುದುಕನಿಗೆ ಮನಸ್ಸಿನಲ್ಲೇ ಕೈಮುಗಿದಳು. ಅವನ ಪುಣ್ಯದ ಕೆಲಸವೇ ಈಗ ಕೊಲೆಗಾರನನ್ನು ಹಿಡಿದುಕೊಡಲಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕೈಗುಣವೂ ಅಷ್ಟೆ. ಒಬ್ಬರನ್ನು ಸಾಯಿಸಲು ತಂತಿ ಕಟ್ಟಿದವನು, ಯಾರ ಕೈಗೂ ಗೀರಬಾರದೆಂದು ಅದರ ತುದಿ ಮಡಚಿದ್ದ.

“ಒಂದ ತುಂಡ ತಂತಿ, ಒಂದ ಪಕ್ಕಡ ತಗೊಂಡ ಬಾ,” ಎಂದಳು ಸಂಗುಗೆ. “ಈ ಕಂಬಕ್ಕ ಕಟ್ಟು.”

ಅವನು ಕಟ್ಟಿದ. ಬಲಗೈಯಲ್ಲಿ ತಂತಿ ತಿರುಚುವ ಇಕ್ಕಳದ ಪಕ್ಕಡ, ಎಡಗೈಯಲ್ಲಿ ತಂತಿ. ರೇಣವ್ವ ಪಾಕೀಟನ್ನು ಪಕ್ಕದಲ್ಲಿ ಹಿಡಿದು ನೋಡಿದಳು. ಮಡಚಿದ್ದು ಒಂದೇ ಥರ. ಆದರೆ ಸುತ್ತು ಬೇರೆ. ಸಂಗುವಿನ ಸುತ್ತು ಒಂದು ಕಡೆಗೆ ಹೊರಳಿದ್ದರೆ, ದೋಣಿಯ ತಂತಿಯದು ಅದಕ್ಕೆ ತದ್ವಿರುದ್ಧ ಹೊರಳಿತ್ತು.

ಎಡಗೈಯವರು ಕಟ್ಟಿದ್ದು.

“ನಿಮ್ಮ ಅಕ್ಕಾರು ಎಲ್ಲಿದಾರ?”

ಶೈಲಶ್ರೀ ಪಡದ ಕೊನೆಯಲ್ಲಿದ್ದಳು, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ನೆರಳಿನಲ್ಲಿ. ವಯಸ್ಸು ಮೂವತ್ತನಾಲ್ಕು. ಗಂಡ ಸತ್ತು ಹತ್ತು ದಿನಕ್ಕೇ ಪಡದಲ್ಲಿ ನಿಂತಿದ್ದಾಳೆಂದು ಊರು ಆಡಿಕೊಳ್ಳುತ್ತಿತ್ತು. ಊರಿಗೇನು, ಬಳ್ಳಿ ಕತ್ತರಿಸುವ ಹಂಗಾಮು ಸೂತಕ ನೋಡಿಕೊಂಡು ಬರುವುದಿಲ್ಲ.

“ಬರ್ರಿ, ಕೂಡ್ರಿ,” ಎಂದಳು. “ಚಾ ತರಸ್ತೇನಿ.”

“ಚಾ ಆಮ್ಯಾಲೆ. ಮದಲ ಇದನ್ನ ಕಟ್ಟಿ ತೋರಸ್ರಿ.”

ಶೈಲಶ್ರೀ ಪಕ್ಕಡವನ್ನೂ ತಂತಿಯನ್ನೂ ನೋಡಿದಳು, ರೇಣವ್ವಳ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಶೆಡ್ಡಿನ ಕಂಬಕ್ಕೆ ತಂತಿ ಹಾಕಿ ಐದು ಸುತ್ತು ಸುತ್ತಿ, ತುದಿ ಮಡಚಿ, ಪಕ್ಕಡದ ಹಿಂಬದಿಯಿಂದ ಎರಡು ಸಲ ಬಡಿದಳು. ಬಲಗೈ. ಸಂಗುವಿನ ಥರವೇ ಹೊರಳು.

ರೇಣವ್ವಗೆ ಒಳಗೊಳಗೇ ಸಮಾಧಾನವಾಯಿತು. ಅವಳು ಪಾಕೀಟನ್ನು ಶೈಲಶ್ರೀಯ ತೊಡೆಯ ಮೇಲಿಟ್ಟಳು.

“ಇದು ಗಂಗವ್ವದ ಹೊಟ್ಯಾಗ ಸಿಕ್ಕಿದ್ದು. ನಿಮ್ಮ ಪಡದ ಗಂಟು. ಎಡಚರು ಕಟ್ಟ್ಯಾರ. ನಿಮ್ಮಲ್ಲಿ ಎಡಚರು ಯಾರದಾರ?”

ಶೈಲಶ್ರೀ ಪ್ಲಾಸ್ಟಿಕ್ಕಿನ ಮೇಲಿಂದಲೇ ಮಡಚಿದ ತುದಿಯ ಮೇಲೆ ಬೆರಳಾಡಿಸಿದಳು. ಪಡದಲ್ಲಿ ಹೆಣ್ಣುಮಕ್ಕಳ ಕತ್ತರಿಗಳು ಕಚಕಚ ಎನ್ನುತ್ತಿದ್ದವು.

“ಈಗ ಯಾರೂ ಇಲ್ಲ,” ಎಂದಳು ಕೊನೆಗೆ. “ಒಬ್ಬರಿದ್ರು. ಹತ್ತ ದಿನದ ಹಿಂದ ಅವರನ್ನ ಮಣ್ಣ ಮಾಡಿ ಬಂದೇವಿ.”

“ಚೇತನಕುಮಾರ.”

“ಹೌದು. ಇದು ಅವರ ಕೈ. ಅಪ್ಪಾರು ಕಲಿಸಿದ್ದು. ಎಡಗೈಲೆ ಬರೋದಿಲ್ಲ ಅಂತ ಒದ್ದಾಡಿ ಒದ್ದಾಡಿ ಕಲತಿದ್ರು.”

ಸತ್ತವನು ತನ್ನ ಕುತ್ತಿಗೆಗೆ ತಾನೇ ತಂತಿ ಕಟ್ಟುವುದಿಲ್ಲ. ದೊಡ್ಡ ಸಾಹೇಬರ ಮಾತು ಖರೆ. ಹಾಗಾದರೆ ಕಟ್ಟಿದ್ದು ಬೇರೆಯವರ ಕುತ್ತಿಗೆಗೆ.

“ಅವತ್ತ ಚಕ್ರಾ ಯಾರ ಹಿಡೀಬೇಕಾಗಿತ್ತು?”

“ನಾನು.”

ಆ ದನಿಯಲ್ಲಿ ಅಳುವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

“ನಾ ಬಿಡುಗಡಿ ಕೇಳಿದ್ದೆ. ಇಬ್ಬರೂ ವಕೀಲರ ಕಡೆ ಹೋಗಿ ಬಂದಿದ್ವಿ. ಇದೊಂದಿನಾ ಮಂದಿ ಮುಂದ ಗಂಡ ಹೆಂಡ್ತಿಯಂಗ ನಿಂದ್ರು, ಮದಲನೇ ಸುತ್ತು ನೀನ ಚಕ್ರಾ ಹಿಡದು ಹೊಡಿ ಅಂದ್ರು. ಚಕ್ರಕ್ಕ ಹೂವಿನ ಹಾರಾ ಹಾಕಿಸಿದ್ರು. ನನಗ ಈಜ ಬರೋದಿಲ್ಲ. ಫೋಟೋದಾಗ ಸೀರಿ ಮ್ಯಾಲೆ ನೀರಾಗ ತೇಲಸೋ ಜಾಕೀಟ ಛಂದ ಕಾಣೋದಿಲ್ಲ ಅಂತ ಅದನ್ನ ಹಾಕ್ಕೊಳ್ಳಾಕ ಬಿಡ್ಲಿಲ್ಲ. ನನಗ ಬ್ಯಾಡಂದ ಮ್ಯಾಲೆ ತಾವೂ ಹಾಕ್ಕೊಳ್ಳಂಗಿರ್ಲಿಲ್ಲ. ಅವರಿಗಿ ಈಜ ಬರ್ತಿತ್ತಲ್ರಿ.”

“ಮತ್ತ ಚಕ್ರಾ ಅವರ ಕೈಯಾಗ ಹ್ಯಾಂಗ ಬಂತು?”

“ದಂಡಿ ಬಿಟ್ಟ ಮ್ಯಾಲೆ ನಾ ಕೈ ನೋಯ್ತದ ಅಂದೆ. ನೀವ ಹಿಡೀರಿ ಅಂದೆ. ದಂಡಿ ಮ್ಯಾಲೆ ಇನ್ನೂರ ಮಂದಿ ಚಪ್ಪಾಳಿ ಹೊಡ್ಯಾಕತ್ತಿದ್ರು. ಬ್ಯಾಡ ಅನ್ನಾಕ ಅವರಿಗಿ ಬಾಯಿ ಬರ್ಲಿಲ್ಲ. ಸುಡೋ ತವಾ ಹಿಡದಂಗ ಹಿಡಕೊಂಡ್ರು. ಹಿಡದಕೂಡ್ಲೆ ಹೊಳ್ಳಿ ದಂಡೀಗಿ ತಿರುವಾಕ ಹೋದ್ರು. ಅಷ್ಟರಾಗ ಮೂಡಗಾಳಿ ಎದ್ದಿತು.”

“ಕೈ ಖರೇನ ನೋಯ್ತಿತ್ತೇನು?”

ಶೈಲಶ್ರೀ ಪಕ್ಕಡವನ್ನು ಎತ್ತಿ ಕಂಬದ ಬದಿಗಿಟ್ಟಳು.

“ಶೈಲಶ್ರೀಯವರ, ನಾ ಕೇಳಾಕತ್ತೇನಿ. ಕೈ ನೋಯ್ತಿತ್ತೋ ಇಲ್ಲೋ?”

“ಇಲ್ಲ.”

“ಅಂದ್ರ ನಿಮಗ ಗೊತ್ತಿತ್ತು.”

“ತಂತಿ ಗೊತ್ತಿರ್ಲಿಲ್ಲ. ಚಕ್ರದಾಗ ಏನೋ ಅದ ಅನ್ನೋದ ಗೊತ್ತಿತ್ತು.”

“ಯಾರ ಹೇಳಿದ್ರು?”

ಶೈಲಶ್ರೀ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮತ್ತೆ ಕೂತಳು.

“ಅದೊಂದ ಕೇಳಬ್ಯಾಡ್ರಿ ಮೇಡಮ್.”

“ನೋಡ್ರಿ ಯವ್ವಾ,” ರೇಣವ್ವಳ ದನಿ ಗಡುಸಾಯಿತು. “ಒಬ್ಬ ಮುದಕಾ ಮಾಡಲಾರದ ಕೆಲಸಕ್ಕ ಒಳಗ ಕುಂತಾನ. ಅವನ ಎದಿ ಸರಿಯಿಲ್ಲ. ನಾಳಿಗಿ ಜೈಲಿಗಿ ಹೋದ್ರ ಹೆಣಾ ಹೊರಗ ಬರ್ತದ. ನೀವ ಬಾಯಿ ಬಿಟ್ರ ಅಂವ ಉಳೀತಾನ.”

“ನಾ ಬಾಯಿ ಬಿಟ್ರನ ಅವರು ಸಾಯ್ತಾರ್ರಿ,” ಎಂದಳು ಶೈಲಶ್ರೀ. ಈಗ ಅವಳ ಕಣ್ಣು ತುಂಬಿ ಬಂತು. “ಅದಕ್ಕ ಹತ್ತ ದಿನಾ ಮುಚ್ಚಿಕೊಂಡು ಕುಂತೇನಿ. ಹೇಳಿದವರು ಪೀರಸಾಬರು.”

ರೇಣವ್ವ ಚೀಲದಿಂದ ನೋಟ್‌ಬುಕ್ಕು ತೆಗೆದಳು.

“ಯಾವಾಗ?”

“ಅವತ್ತ ಮುಂಜಾನಿ ಏಳಕ್ಕ. ನಮ್ಮವರು ಬಬಲೇಶ್ವರಕ್ಕ ಮಂದೀನ್ನ ಕರಕೊಂಡ ಬರಾಕ ಹೋಗಿದ್ರು. ಪೀರಸಾಬರು ದೋಣಿ ಒಳಗಿಂದ ಕೈ ಒರಸ್ಕೋತ ಮ್ಯಾಲೆ ಬಂದ್ರು. ನನ್ನ ನೋಡಿದ್ರು. ‘ಇವತ್ತ ಚಕ್ರಾ ನೀ ಹಿಡೀಬ್ಯಾಡವ್ವಾ. ಏನರೆ ನೆವಾ ಹೇಳು,’ ಅಂದ್ರು. ಯಾಕ ಅಂತ ಕೇಳಿದೆ. ಹೇಳ್ಲಿಲ್ಲ. ತಲಿ ಮ್ಯಾಲೆ ಕೈ ಇಟ್ಟು ಹೋದ್ರು.”

ಅಂದರೆ ಅವನು ಬಂದಿದ್ದ. ಬಂದು ಒಳಗೆ ತಲೆ ಹಾಕಿ ನೋಡಿದ್ದ. ಮೂವತ್ತು ವರ್ಷ ಒಂದು ದಿನವೂ ತಪ್ಪಿಸದ ಮನುಷ್ಯ ಆ ದಿನವೂ ತಪ್ಪಿಸಿರಲಿಲ್ಲ. ತಂತಿ ಕಂಡಿದ್ದ. ಕಂಡವನು ಬಿಚ್ಚಬಹುದಿತ್ತು. ಕ್ಲಿಪ್ಪು ಹಾಕಿ ಬಿಗಿಯಲು ಹತ್ತು ನಿಮಿಷದ ಕೆಲಸ. ಕೂಗಿ ಹತ್ತು ಮಂದಿಯನ್ನು ಕರೆಯಬಹುದಿತ್ತು. ಅದೇನನ್ನೂ ಮಾಡದೆ, ಲಾಕಪ್ಪಿನಲ್ಲಿ ರೇಣವ್ವಳ ಕಣ್ಣಲ್ಲಿ ಕಣ್ಣಿಟ್ಟು ‘ಅವತ್ತ ನಾ ಹೋಗೇ ಇಲ್ಲವ್ವಾ’ ಎಂದಿದ್ದ.

ಅಂಜಿದನೋ? ಧಣಿಯ ಹೆಸರು ಹೇಳಿದರೆ ಯಾರು ನಂಬುತ್ತಾರೆ ಎಂದುಕೊಂಡನೋ? ಹೆಣ್ಣುಮಗಳೊಬ್ಬಳು ಉಳಿದರೆ ಸಾಕು ಎಂದು ಕೈ ತೊಳೆದುಕೊಂಡನೋ? ಅಷ್ಟಾದರೆ ಇನ್ನೂ ಉಳಿಸಬಹುದು. ಸುಮ್ಮನಿರುವುದು ತಪ್ಪು, ಆದರೆ ಕೊಲೆಯಲ್ಲ. ರೇಣವ್ವ ಆ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ತಂತಿ ಹರದ ಮ್ಯಾಲೆ ಏನಾತು? ಬಿಟ್ಟೂಬಿಡದ ಹೇಳ್ರಿ.”

“ಚಕ್ರಾ ತನ್ನಷ್ಟಕ್ಕ ತಿರಗಾಕತ್ತಿತು. ನಮ್ಮವರು ಚಕ್ರಾ ಬಿಟ್ಟು ಹಿಂದ ಓಡಿದ್ರು. ಹಿಂದ ಒಂದ ಪೆಟಗಿ ಇತ್ತು. ಅದರ ಮುಚ್ಚಳಾ ತಗದು ಎರಡೂ ಕೈಲೆ ಕೆದರಿದ್ರು. ‘ಕೋಲ ಎಲ್ಲಿ, ಕೋಲ ಎಲ್ಲಿ’ ಅಂತ ಒದರಿದ್ರು. ಪೆಟಗಿ ಖಾಲಿ. ದಿಕ್ಕ ತಪ್ಪಿ ಎದ್ದು ನಿಂತ್ರು. ಅಷ್ಟರಾಗ ಹಾಯಿ ಆ ಕಡಿಂದ ಈ ಕಡಿಗಿ ಹೊಳ್ಳಿತು. ಅದರ ಕೆಳಗಿನ ಅಡ್ಡಗಂಬಾ ಬಂದು ತಲಿಗಿ ಬಡೀತು. ನಾ ಬಗ್ಗಿ ಕುಂತಿದ್ದೆ.” ಅವಳು ರೇಣವ್ವಳ ಕಡೆಗೆ ತಿರುಗಿದಳು. “ಅವರು ನೀರಾಗ ಬಿದ್ದಾಗ ನಾ ಕೈ ಚಾಚಲಿಲ್ಲ ಮೇಡಮ್. ಇದನ್ನೂ ಬರಕೋರಿ.”

ರೇಣವ್ವ ಬರೆದುಕೊಳ್ಳಲಿಲ್ಲ. ಅವಳ ಮನಸ್ಸು ಖಾಲಿ ಪೆಟ್ಟಿಗೆಯ ಹತ್ತಿರವೇ ನಿಂತಿತ್ತು.

“ಎಂಥಾ ಕೋಲು?”

“ಚಕ್ರಾ ಕೈ ಕೊಟ್ರ ಹಚ್ಚೋ ಕೋಲು. ಪೀರಸಾಬರದ ಶರ್ತ ಅದು. ನೀವು ಚಕ್ರಾನ ಬೇಕಂದ್ರ ಹಾಕ್ತೇನಿ, ಆದ್ರ ಒಂದ ಹಿಡಿಕೋಲ ಮಾಡಿ ಹಿಂದಿನ ಪೆಟಗ್ಯಾಗ ಇಡ್ತೇನಿ, ಅದನ್ನ ಬಿಟ್ಟು ದೋಣಿ ದಂಡಿ ಬಿಡಬಾರದು ಅಂತ. ಅದರ ಹಿಂದಿನ ವಾರ ಹಚ್ಚಿ ತೋರಿಸಿದ್ರು. ಚುಕ್ಕಾಣಿ ನೆತ್ತಿ ಮ್ಯಾಲೆ ಕೂಡಸ್ತಾರ. ಕಬ್ಬಿಣದ್ದು, ಇಷ್ಟುದ್ದ. ಒಂದ ತುದಿಗಿ ಚೌಕ ತೂತು.”

ಅವಳು ಕೈ ಅಗಲಿಸಿ ಅಳತೆ ತೋರಿಸಿದಳು. ಎರಡೂವರೆ ಮೊಳ.

ರೇಣವ್ವಳ ಮೊಣಕಾಲ ಕೆಳಗಿನ ಎಲುಬು ಮತ್ತೆ ನೋಯತೊಡಗಿತು.

ಚೇತನಕುಮಾರ ಹೆಂಡತಿಯನ್ನು ನೀರಿಗೆ ಹಾಕಿ, ಆಮೇಲೆ ಆ ಕೋಲು ಹಚ್ಚಿ ದೋಣಿಯನ್ನು ದಡಕ್ಕೆ ತರುವ ಲೆಕ್ಕದಲ್ಲಿದ್ದ. ತಾನು ಉಳಿಯುವ ದಾರಿ ಇಟ್ಟುಕೊಂಡೇ ತಂತಿ ಕಟ್ಟಿದ್ದ. ಕೋಲು ಪೆಟ್ಟಿಗೆಯಲ್ಲಿದೆ ಎಂದು ನಂಬಿಯೇ ಓಡಿದ್ದ. ಅದನ್ನು ಬೇರೆ ಯಾರೋ ತೆಗೆದಿದ್ದರು.

ವಾಪಸ್ಸು ಬರುವಾಗ, ಕಬ್ಬಿಣದ ಕೆಲಸಗಾರನ ಮನೆಯಲ್ಲಿ ಕಬ್ಬಿಣದ ಕೋಲು ಹತ್ತಿರುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು. ಚೌಕ ತೂತು ಇರಲಿಕ್ಕಿಲ್ಲ ಎಂದುಕೊಂಡಳು. ದೇವರ ಮೇಲೆ ಅಷ್ಟೇನೂ ನಂಬಿಕೆ ಇಲ್ಲದವಳು ದಾರಿಯಲ್ಲಿ ಕಂಡ ಗುಡಿಗೂ ದರ್ಗಾಕ್ಕೂ ಮನಸ್ಸಿನಲ್ಲೇ ಹರಕೆ ಹೊತ್ತಳು.

ಗುಮ್ಮಟದ ನೆರಳು ಓಣಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಯುನುಸನನ್ನು ಜೀಪಿನಲ್ಲೇ ಬಿಟ್ಟು ಅವಳು ಕದ ತಟ್ಟಿದಳು. ಕಬ್ಬಿಣ ಸರಿದ ಸದ್ದಾಯಿತು.

“ಬಂದ್ರಿ?” ನಿಖತಳ ಮುಖ ಅರಳಿತು. “ಸಿಕ್ತೇನ್ರಿ ಆ ಕೈ?”

“ಸಿಕ್ಕದ. ನಿಮ್ಮ ಅಬ್ಬಾಂದಲ್ಲ.”

ಹುಡುಗಿ ಬಾಗಿಲಲ್ಲೇ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹತ್ತು ದಿನದಿಂದ ತಡೆದ ಅಳು ಒಮ್ಮೆಗೇ ಹೊರಗೆ ಬಂತು. ರೇಣವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಅವಳ ಕಣ್ಣು ಗೋಡೆಗೆ ಒರಗಿದ ಕೋಲಿನ ಮೇಲಿತ್ತು. ಕೆಳಗಿನ ತುದಿಯಲ್ಲಿ ಮುಷ್ಟಿ ಗಾತ್ರದ ಗಂಟು, ಅದರಲ್ಲಿ ಅಚ್ಚುಕಟ್ಟಾಗಿ ಅರ ಹಾಕಿ ನಯಮಾಡಿದ ಚೌಕ ತೂತು.

“ನಿಖತ. ಈ ಕೋಲ ಎಲ್ಲಿಂದು?”

ಕೇಳಬಾರದಿತ್ತು ಎಂದು ಅವಳಿಗೆ ಆ ಕ್ಷಣವೇ ಅನ್ನಿಸಿತು.

ನಿಖತ ಕಣ್ಣೊರೆಸಿಕೊಂಡು ಎದ್ದಳು. ಕೋಲನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಇದಾ? ಇದು ಗಂಗವ್ವದ ಹಿಡಿಕೋಲ್ರಿ. ಚಕ್ರಾ ಕೆಟ್ರ ಇದನ್ನ ಹಚ್ಚಿ ದಂಡೀಗಿ ಬರಬಹುದು. ಚಕ್ರಾ ಬ್ಯಾಡಂದವರು ಸುಮ್ನ ಬಿಡ್ಲಿಲ್ಲ ನೋಡ್ರಿ, ತಮ್ಮ ಕೈಲೆ ಇದನ್ನೂ ಮಾಡಿದ್ರು.”

“ಮನ್ಯಾಗ ಯಾವಾಗ ಬಂತು?”

“ಅವತ್ತ ರವಿವಾರ ಮುಂಜಾನಿ ಎಂಟೂವರಿಗ್ರಿ. ಅಬ್ಬಾ ಕೆರಿಯಿಂದ ಬರೋಮುಂದ ಗಾಡಿಗಿ ಕಟಗೊಂಡ ಬಂದ್ರು. ತೂತ ಬಿಗಿ ಆಗೇದೇನಂತ ಕೇಳಿದೆ. ಮಾತಾಡ್ಲಿಲ್ಲ. ಇಲ್ಲಿಟ್ಟು, ನಮಾಜಿಗಿ ಕುಂತವರು ಭಾಳ ಹೊತ್ತ ಏಳಲಿಲ್ಲ.”

ಇದನ್ನು ಹತ್ತು ದಿನದಲ್ಲಿ ಮಗಳನ್ನು ಯಾರೂ ಕೇಳಿರಲಿಲ್ಲ. ರೇಣವ್ವಳೂ ಕೇಳಿರಲಿಲ್ಲ.

ನಿಖತ ಕೋಲನ್ನು ಅವಳ ಕಡೆಗೆ ಚಾಚಿದಳು. ಕಣ್ಣು ಇನ್ನೂ ಒದ್ದೆ, ಆದರೆ ಮುಖದ ತುಂಬ ಹೆಮ್ಮೆ.

“ನಾಳಿಗಿ ಇದನ್ನ ಕೋರ್ಟಿನ್ಯಾಗ ತೋರಸ್ರಿ ಅಕ್ಕಾರ. ಇಷ್ಟ ಜ್ವಾಕಿ ಇರೋ ಮನಷ್ಯಾ ಒಬ್ಬರ ಜೀವಾ ತಗೀತಾನೇನ್ರಿ ಅಂತ ಕೇಳ್ರಿ.”

ಕೈ ಚಾಚಿ ತೆಗೆದುಕೊಂಡರೆ ಅದು ಸಾಕ್ಷಿ. ಬಿಟ್ಟು ಹೋದರೆ ಬರೀ ಬಾಗಿಲಿನ ಅಗಳಿ. ರೇಣವ್ವಳ ಕೈ ಅರ್ಧಕ್ಕೆ ಎದ್ದು ಅಲ್ಲಿಯೇ ನಿಂತಿತು.

ಹಿಂದಿನಿಂದ ಯುನುಸ ಮೊಬೈಲು ಹಿಡಿದು ಬಾಗಿಲಿಗೆ ಬಂದ.

“ಮೇಡಮ್, ದೊಡ್ಡ ಸಾಹೇಬ್ರು ಲೈನಿನ್ಯಾಗ ಅದಾರ. ಪೀರಸಾಬನ ಮನ್ಯಾಗ ಏನರೆ ಸಿಕ್ತೇನಂತ ಕೇಳಾಕತ್ತಾರ.”